ಕೆರೆ ತಿರುವಿನ ಮನೆ: ಕಂತು ಒಂಬತ್ತು – ಗೆರೆ ಬಿಟ್ಟು ಕೂತ ಚುಕ್ಕಿ

ಗೋಡೆಗೆ ಹಚ್ಚಿದ್ದ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕಿ ಕಾಣೆಯಾಗಿತ್ತು.

ಸಂಜೀವಯ್ಯ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಇಲ್ಲ. ಹೋದ ಭಾನುವಾರ ಜಯನಗರದ ವಾಚನಾಲಯದಲ್ಲಿ ಇದೇ ಹಾಳೆಯನ್ನು ಸಭೆಯ ಎದುರು ನೇತುಹಾಕಿ ವಾರಿಜಾ ಉಪನ್ಯಾಸ ಕೊಟ್ಟಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅವನ ಕಣ್ಣಿಗೂ ಆ ಚುಕ್ಕಿ ಬಿದ್ದಿತ್ತು. ೧೯೭೮ರ ನೇರಕ್ಕೆ, ಉಳಿದ ಚುಕ್ಕಿಗಳ ಸಹವಾಸವೇ ಬೇಡ ಅಂತ ಮೇಲೆ ಒಂಟಿಯಾಗಿ ಕೂತಿತ್ತು. ಅದರ ವಿಷಯ ವಿಚಾರಿಸೋಣ ಅಂತಲೇ ಇವತ್ತು ಜೆ.ಪಿ. ನಗರದ ಈ ಮನೆಗೆ ಸ್ಕೂಟರ್ ಹಾಕಿಕೊಂಡು ಬಂದಿದ್ದ.

"ಮೇಡಂ, ಇಲ್ಲೊಂದು ಚುಕ್ಕಿ ಇತ್ತಲ್ವಾ?"

ವಾರಿಜಾ ಕಾಫಿ ಲೋಟವನ್ನು ಟೀಪಾಯಿ ಮೇಲಿಟ್ಟು ಹತ್ತಿರ ಬಂದಳು. "ಎಲ್ಲಿ ಸಾರ್?"

"ಎಪ್ಪತ್ತೆಂಟರ ಮೇಲೆ. ನಾನು ಸಭೇಲಿ ಎದ್ದು ಕೇಳಿದೆ, ಇದೊಂದು ಮಾತ್ರ ಯಾಕೆ ಅಷ್ಟು ಎತ್ತರದಲ್ಲಿದೆ ಅಂತ. ನೀವು ನಕ್ಕು, ಅದು ಅದೃಷ್ಟವಂತರ ಮನೆ ಅಂದ್ರಿ."

"ಹೌದು, ಇದೆಯಲ್ಲ..." ಎಂದು ಬೆರಳಿಟ್ಟವಳು ಅಲ್ಲೇ ನಿಂತುಬಿಟ್ಟಳು.

ವಾರಿಜಾ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವವಳು. ಮೂವತ್ತು ದಾಟಿದೆ. ದಕ್ಷಿಣ ಬೆಂಗಳೂರಲ್ಲಿ ಮನೆಗಳ ಬೆಲೆ ಹದಿನೈದು ವರ್ಷದಲ್ಲಿ ಹೇಗೆ ಏರಿತು ಎನ್ನುವುದು ಅವಳು ಹಿಡಿದ ಕೆಲಸ. ರಜೆ ಬಂತೆಂದರೆ ಮನೆಮನೆ ತಿರುಗಿ, ಮಾರಿದವರನ್ನೂ ಕೊಂಡವರನ್ನೂ ಕೂರಿಸಿಕೊಂಡು, ಪತ್ರದಲ್ಲಿ ಬರೆಸಿದ್ದನ್ನು ಬದಿಗಿಟ್ಟು ನಿಜಕ್ಕೂ ಕೈಗೆ ಬಂದದ್ದೆಷ್ಟು ಅಂತ ಕೇಳಿ ತಿಳಿದಿದ್ದಳು. ಯಾರ ಹೆಸರನ್ನೂ ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟದ್ದರಿಂದ ಜನ ಹೇಳಿದ್ದರು. ಒಂದು ಮನೆಗೆ ಒಂದು ಚುಕ್ಕಿ.

ಸಂಜೀವಯ್ಯನಿಗೆ ಮನೆಗಳ ಬೆಲೆ ಬೇಕಿರಲಿಲ್ಲ. ಪೊಲೀಸ್ ಕೆಲಸ ಬಿಟ್ಟು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪತ್ತೇದಾರಿ ಆಫೀಸು ತೆರೆದಿದ್ದ ಅವನ ಹತ್ತಿರ ಸೊಪ್ಪು ಮಾರುವ ಮುನಿಯಕ್ಕ ಬಂದು ಕೂತಿದ್ದಳು. ಲಾಲ್‌ಬಾಗಿನಲ್ಲಿ ಮಾಲಿಯಾಗಿದ್ದ ಅವಳ ಗಂಡ ಯಲ್ಲಯ್ಯ ಎಂಟು ವರ್ಷದ ಹಿಂದೆ, ೧೯೭೮ರ ಮಾರ್ಚಿನಲ್ಲಿ, ಯಡಿಯೂರು ಕೆರೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಕುಡಿದು ಬಿದ್ದ ಅಂತ ಬರೆದು ಮುಗಿಸಿದ್ದರು. ಮುನಿಯಕ್ಕ ಒಪ್ಪಿರಲಿಲ್ಲ. ಕುಡಿದು ನೀರಿಗೆ ಬಿದ್ದವನ ಸೈಕಲ್ಲಿನ ಹಿಂದಿನ ಚಕ್ರ ಹಾಗೆ ಮಡಿಚಿಕೊಂಡಿರುತ್ತದೆಯೇ?

ಕೆರೆ ತಿರುವಿನ ಮನೆಗಳನ್ನೆಲ್ಲ ಸಂಜೀವಯ್ಯ ಕೇಳಿ ಮುಗಿಸಿದ್ದ. ಯಾರೂ ಏನೂ ಕಂಡಿರಲಿಲ್ಲ. ಸರಿಯಾಗಿ ತಿರುವಿನ ಮೇಲೇ ಇದ್ದ ಮೂಲೆ ಮನೆಯಲ್ಲಿ ಬಾಡಿಗೆಯವರಿದ್ದರು, ಈಚೆಗೆ ಬಂದವರು. ಅಲ್ಲಿಗೆ ದಾರಿ ನಿಂತಿತ್ತು. ಆಮೇಲೆ ಈ ಹಾಳೆ ಕಣ್ಣಿಗೆ ಬಿತ್ತು. ಯಲ್ಲಯ್ಯ ಸತ್ತ ವರ್ಷವೇ ಆ ಕಡೆ ಯಾರೋ ಒಂದು ಮನೆಗೆ ಎರಡರಷ್ಟು ಸುರಿದಿದ್ದರು.

"ಇದನ್ನ ಒಂದು ಸಲ ಮೊದಲಿಂದ ಹೇಳಿ ಮೇಡಂ," ಎಂದ. "ಸಭೇಲಿ ಪೂರ್ತಿ ತಲೆಗೆ ಹೋಗಲಿಲ್ಲ."

"ಕೆಳಗಡೆ ಅಡ್ಡಕ್ಕೆ ವರ್ಷ ಸಾರ್, ಎಪ್ಪತ್ತರಿಂದ ಎಂಬತ್ತೈದು. ಮೇಲಕ್ಕೆ ರೂಪಾಯಿ. ಮೂವತ್ತು ನಲವತ್ತರ ಸೈಟಲ್ಲಿ ಕಟ್ಟಿದ ಸಾಧಾರಣ ಮನೆಗೆ ಎಷ್ಟು ಅಂತ. ಕಪ್ಪು ಗೆರೆ ಜಯನಗರ, ಯಡಿಯೂರು ಕಡೆ. ನೀಲಿ ಬನಶಂಕರಿ. ಕೆಂಪು ಬಿ.ಟಿ.ಎಂ. ಲೇಔಟು. ಕೆಂಪು ನೋಡಿ, ಎಷ್ಟು ಈಚೆಗೆ ಶುರುವಾಗುತ್ತೆ. ಅದಕ್ಕೆ ಮುಂಚೆ ಅಲ್ಲಿ ಮಾರೋಕೆ ಮನೆಗಳೇ ಇರಲಿಲ್ಲ, ರಾಗಿ ಹೊಲ."

ಅವಳ ಬೆರಳು ಕಪ್ಪು ಗೆರೆಯ ಮೇಲೆ ನಿಧಾನಕ್ಕೆ ಹೊರಟಿತು. ಎಪ್ಪತ್ತರಲ್ಲಿ ನಲವತ್ತು ಸಾವಿರ. ಎಪ್ಪತ್ಮೂರರವರೆಗೂ ಗೆರೆ ಮಲಗಿಯೇ ಇತ್ತು. ಆಮೇಲೆ ಎದ್ದಿತು, ಸಿಮೆಂಟು, ಕಬ್ಬಿಣ ಎರಡೂ ಸಿಗದೆ ಕಟ್ಟಿದ ಮನೆಗೇ ಗಿರಾಕಿ ಹೆಚ್ಚಿದ ಕಾಲ. ಎಪ್ಪತ್ತಾರರಲ್ಲಿ ಗೆರೆ ಸ್ವಲ್ಪ ಬಗ್ಗಿತ್ತು.

"ಇದ್ಯಾಕೆ ಇಳೀತು?"

"ಎಮರ್ಜೆನ್ಸಿ ಅಲ್ವಾ. ಊರೊಳಗಿನ ಜಾಗಕ್ಕೆ ಸೀಲಿಂಗ್ ಕಾನೂನು ಬಂತು. ಎಷ್ಟು ಇಟ್ಕೋಬಹುದು, ಎಷ್ಟು ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಕೊಳ್ಳೋರು ಹೆದರಿ ಹಿಂದೆ ಸರಿದ್ರು. ಎರಡು ವರ್ಷದಲ್ಲಿ ಸರಿಹೋಯ್ತು. ಎಪ್ಪತ್ತೆಂಟಕ್ಕೆ ನೋಡಿ, ಎಂಬತ್ತೈದು ಸಾವಿರ. ಎಂಬತ್ತೊಂದು ದಾಟಿದ ಮೇಲೆ ಹಿಡಿಯೋರೇ ಇಲ್ಲ. ಹೋದ ವರ್ಷ ಮೂರೂಮುಕ್ಕಾಲು ಲಕ್ಷ. ಹಾಳೆ ಸಾಲದೆ ಮೇಲೆ ಇನ್ನೊಂದು ತುಂಡು ಅಂಟಿಸಬೇಕಾಯ್ತು."

ಸಂಜೀವಯ್ಯ ಕಿಟಕಿಯ ಪರದೆ ಪೂರ್ತಿ ಸರಿಸಿದ. ಬಿಸಿಲು ಹಾಳೆಯ ಮೇಲೆ ಓರೆಯಾಗಿ ಬಿತ್ತು. ೧೯೭೮ರ ಮೇಲೆ, ಹೆಬ್ಬೆಟ್ಟಿಗಿಂತ ಚಿಕ್ಕ ಜಾಗದಲ್ಲಿ, ಗ್ರಾಫಿನ ಹಸಿರು ಗೀಟುಗಳು ಅಳಿಸಿಹೋಗಿ ಕಾಗದ ಬೆಳ್ಳಗಾಗಿತ್ತು.

"ಬ್ಲೇಡಲ್ಲಿ ಕೆರೆದಿದಾರೆ," ಎಂದ. "ಕೆರೆದ ಮೇಲೆ ಉಗುರಲ್ಲಿ ಉಜ್ಜಿ ನಯ ಮಾಡಿದಾರೆ. ಕೈ ನಡುಗಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ಅಂಕಿ ತೆಗೆಯೋರು ಹೀಗೆ ಮಾಡ್ತಿದ್ರು."

ವಾರಿಜಾ ಆ ಜಾಗದ ಮೇಲೆ ಬೆರಳಾಡಿಸಿದಳು.

"ಸಭೆ ಮುಗಿದ ಮೇಲೆ ಈ ಹಾಳೆ ಎಲ್ಲಿತ್ತು?"

"ಸುತ್ತಿ ಮನೆಗೇ ತಂದೆ. ಆವತ್ತೇ ಸಾಯಂಕಾಲ ಇಲ್ಲಿ ಹಚ್ಚಿದ್ದು."

"ಮನೇಲಿ ಯಾರ್ಯಾರಿದೀರ?"

"ನಾನು, ನಮ್ಮಪ್ಪ. ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು."

"ಕೆರೆದಿರೋ ಚುಕ್ಕಿ ಯಾರ ಮನೇದು ಮೇಡಂ? ಮಾತು ಕೊಟ್ಟಿದೀನಿ ಅಂತೀರಿ, ಗೊತ್ತು. ಆದ್ರೂ ಕೇಳ್ತಿದೀನಿ. ಒಬ್ಬ ಮನುಷ್ಯನ ಸಾವಿನ ವಿಷಯ."

ಅವಳು ಹಾಳೆಯ ಆ ಬಿಳಿ ಜಾಗವನ್ನೇ ನೋಡುತ್ತಾ ಹೇಳಿದಳು: "ಮಾತು ಯಾರಿಗೂ ಕೊಡಬೇಕಾಗಿರಲಿಲ್ಲ ಸಾರ್. ಅದು ನಮ್ಮದೇ ಮನೆ. ಕೆರೆ ತಿರುವಲ್ಲಿ ಮೂಲೇದು. ನಾನು ಬೆಳೆದಿದ್ದೇ ಅಲ್ಲಿ. ಅಪ್ಪ ಅದನ್ನ ಮಾರಿದ ಮೇಲೆ ಇಲ್ಲಿಗೆ ಬಂದ್ವಿ."

ಹೊರಗೆ ಗೇಟಿನ ಚಿಲಕ ಸದ್ದಾಯಿತು.

ಅನಂತರಾಮು ಒಳಗೆ ಬಂದ. ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತನಾದವನು, ಅರವತ್ತೆರಡು ವರ್ಷ. ಪಂಚೆ, ಅರ್ಧ ತೋಳಿನ ಶರಟು, ಕೈಯಲ್ಲಿ ಅವರೇಕಾಯಿ ತುಂಬಿದ ಬಟ್ಟೆ ಚೀಲ. ಬಂದವರು ಯಾರೆಂದು ನೋಡಿ ಬಾಗಿಲಲ್ಲೇ ನಿಂತ. ವಾಚನಾಲಯದ ಸಭೆಯಲ್ಲಿ ಸಂಜೀವಯ್ಯ ಪ್ರಶ್ನೆ ಕೇಳಿದಾಗ ಮುಂದಿನ ಸಾಲಿನಿಂದ ತಟ್ಟನೆ ಹಿಂದಕ್ಕೆ ತಿರುಗಿದ ಬಿಳಿ ತಲೆ ಇದೇ.

"ಇವರು ಸಂಜೀವಯ್ಯ ಅಂತ ಅಪ್ಪ," ಎಂದಳು ವಾರಿಜಾ. "ಡಿಟೆಕ್ಟಿವ್."

"ಓಹೋ. ಕೂತ್ಕೊಳ್ಳಿ ಕೂತ್ಕೊಳ್ಳಿ. ಕಾಫಿ ಆಯ್ತಾ?"

"ಆಯ್ತು ಸಾರ್. ನಿಮ್ಮನ್ನೇ ಕಾಯ್ತಿದ್ದೆ."

ಅನಂತರಾಮು ಚೀಲವನ್ನು ಗೋಡೆಗೆ ಒರಗಿಸಿಟ್ಟು ಬೆತ್ತದ ಕುರ್ಚಿಯಲ್ಲಿ ಕೂತ. ಹಾಳೆಯ ಕಡೆ ನೋಡಲಿಲ್ಲ.

"ಕೆರೆ ತಿರುವಿನ ಮನೇನ ಯಾರಿಗೆ ಕೊಟ್ರಿ ಸಾರ್?"

"ಪಾಪಯ್ಯ ಅಂತ. ಕಟ್ಟಡದ ಕಂಟ್ರಾಕ್ಟರ್."

"ಯಾವಾಗ?"

"ಎಪ್ಪತ್ತೆಂಟು. ಮೇ ತಿಂಗಳು ಇರಬೇಕು."

"ಎಷ್ಟಕ್ಕೆ?"

"ಅದೆಲ್ಲ ಈಗ್ಯಾಕೆ?" ಮಗಳ ಕಡೆ ತಿರುಗಿದ. "ಇವಳು ಹೇಳಿರಬೇಕಲ್ಲ."

"ಒಂದು ಲಕ್ಷದ ಎಪ್ಪತ್ತು ಸಾವಿರ," ಎಂದಳು ವಾರಿಜಾ.

"ಎರಡರಷ್ಟು," ಎಂದ ಸಂಜೀವಯ್ಯ. "ಅದೇ ರಸ್ತೇಲಿ, ಅದೇ ವರ್ಷ, ಬೇರೆ ಮನೆಗಳು ಎಂಬತ್ತೈದರ ಆಸುಪಾಸಿಗೆ ಹೋಗಿವೆ."

"ನಮ್ಮದು ಮೂಲೆ ಮನೆ ಕಣ್ರೀ. ಎರಡು ಕಡೆ ರಸ್ತೆ. ಗಾಳಿ ಬೆಳಕಿಗೆ ಹೇಳೋ ಹಾಗೇ ಇರಲಿಲ್ಲ."

"ಮೇಡಂ, ಮೂಲೆ ಮನೆಗಳು ಬೇರೆ ಇದಾವಾ ಇದರಲ್ಲಿ?"

ವಾರಿಜಾ ಕ್ಷಣ ಹಿಂಜರಿದಳು. ಆಮೇಲೆ ಹೇಳಿದಳು: "ಇದಾವೆ. ಸುತ್ತ ಸೊನ್ನೆ ಹಾಕಿರೋವೆಲ್ಲ ಮೂಲೆ ಮನೆಗಳು. ಗೆರೆಗಿಂತ ಹತ್ತು ಸಾವಿರ ಮೇಲಿರುತ್ತೆ. ಹೆಚ್ಚಂದ್ರೆ ಹದಿನೈದು."

"ಬಾವಿ ಇತ್ತು," ಎಂದ ಅನಂತರಾಮು. "ಸಿಹಿ ನೀರು. ಬೇಸಿಗೇಲೂ ಬತ್ತುತಿರಲಿಲ್ಲ."

"ಬಾವಿ ಆ ರಸ್ತೇಲಿ ಎಲ್ಲರ ಮನೇಲೂ ಇತ್ತು ಅಪ್ಪ."

ಅದನ್ನು ಹೇಳಿದವಳು ವಾರಿಜಾ. ಹೇಳಿದ ಮೇಲೆ ತಾನೇ ಬೆಚ್ಚಿದಂತೆ ಕುರ್ಚಿಯ ತುದಿಗೆ ಬಂದಳು.

"ಕೊಳ್ಳೋನಿಗೆ ಮನಸ್ಸಿಗೆ ಬಂತು, ಕೊಟ್ಟ. ಬೇಡ ಅನ್ನೋಕಾಗುತ್ತಾ?"

"ಕಂಟ್ರಾಕ್ಟರ್ ಸಾರ್ ಅವನು," ಎಂದ ಸಂಜೀವಯ್ಯ. "ಮನೆ ಕಟ್ಟೋದೇ ಕಸುಬು. ಆ ದುಡ್ಡಲ್ಲಿ ಹೊಸಾದು ಎರಡು ಎಬ್ಬಿಸ್ತಿದ್ದ. ಹಳೇ ಮನೆಗೆ ಅಷ್ಟು ಸುರಿದು, ಒಂದು ದಿನಾನೂ ಅದರಲ್ಲಿ ವಾಸ ಮಾಡ್ಲಿಲ್ಲ. ಇವತ್ತಿಗೂ ಬಾಡಿಗೆಯವರಿದಾರೆ, ನಾನೇ ಹೋಗಿ ಮಾತಾಡ್ಸಿದೀನಿ. ಅವನಿಗೆ ಮನೆ ಬೇಕಿರಲಿಲ್ಲ ಸಾರ್. ಆ ಮನೇಲಿ ನೀವು ಇರೋದು ಬೇಡವಾಗಿತ್ತು."

ಅನಂತರಾಮು ಪಂಚೆಯ ಅಂಚನ್ನು ಮೊಣಕಾಲ ಮೇಲೆ ಸರಿ ಮಾಡಿಕೊಂಡ.

"ಮನೆಗೆ ಎಂಬತ್ತೈದು. ಮಿಕ್ಕಿದ್ದು ಯಾತಕ್ಕೆ?"

ಒಳಗೆ ನಲ್ಲಿಯಲ್ಲಿ ನೀರು ಬಂದು ಬಕೆಟ್ಟಿಗೆ ಬೀಳತೊಡಗಿತು. ದಿನವೂ ಆ ಸದ್ದಿಗೆ ಎದ್ದು ಓಡುವವಳು ವಾರಿಜಾ. ಇವತ್ತು ಏಳಲಿಲ್ಲ. ಬಕೆಟ್ ತುಂಬಿ ಚೆಲ್ಲುವುದು ಕೇಳಿಸಿತು.

"ಬ್ಲೇಡ್ ಹಾಕಿದ್ದು ನೀವೇನಾ ಅಪ್ಪ?"

ಅನಂತರಾಮು ಆಗ ಹಾಳೆಯ ಕಡೆ ನೋಡಿದ.

"ನನ್ನ ಹಾಳೆ ಅಪ್ಪ. ಮೂರು ವರ್ಷ ಮಾಡಿದ ಕೆಲಸ. ಆ ಬೆಲೆ ನಂಗೆ ಹೇಳಿದ್ದೂ ನೀವೇ. ಊಟಕ್ಕೆ ಕೂತಾಗ ಕೇಳಿದೆ, ಹೇಳಿದ್ರಿ. ಆಗ ಸುಳ್ಳು ಹೇಳಿದ್ರೆ ಆಗ್ತಿತ್ತಲ್ಲ. ಎಂಬತ್ತೈದು ಅಂದಿದ್ರೆ ಅಲ್ಲಿಗೆ ಮುಗೀತಿತ್ತು."

"ನೀನು ಹೀಗೆ ಗೋಡೆ ಮೇಲೆ ಬರೀತೀಯ ಅಂತ ನಂಗೇನು ಗೊತ್ತಿತ್ತು ಪುಟ್ಟಿ?" ಅನಂತರಾಮುವಿನ ದನಿ ಮೊದಲ ಸಲ ಇಳಿಯಿತು. "ಎಲ್ಲರ ಚುಕ್ಕಿ ಜೊತೆ ಸೇರಿಸಿ ನೋಡಿದಾಗಲೇ ನಂಗೂ ಗೊತ್ತಾಗಿದ್ದು, ನಮ್ಮದು ಎಲ್ಲಿ ಕೂತಿದೆ ಅಂತ."

ಸಂಜೀವಯ್ಯ ಕಾದ. ಇಂಥ ಹೊತ್ತಿನಲ್ಲಿ ಬಾಯಿ ಹಾಕಬಾರದೆಂದು ಅವನಿಗೆ ಗೊತ್ತಿತ್ತು.

"ನಂಗೆ ಆಗ ಬೆಳಗಾಗ್ತಿದ್ದ ಹಾಗೆ ಮಹಡಿ ಮೇಲೆ ಓಡಾಡೋ ಅಭ್ಯಾಸ," ಎಂದು ಶುರು ಮಾಡಿದ ಅನಂತರಾಮು. ಯಾವುದೋ ಫೈಲು ಓದುವವನ ಹಾಗೆ ಒಂದೇ ಸಮನೆ ಹೇಳಿದ. "ಆವತ್ತೂ ಹತ್ತಿದ್ದೆ. ಕೆರೆ ಕಡೆಯಿಂದ ಒಬ್ಬ ಸೈಕಲ್ ತುಳ್ಕೊಂಡು ಬರ್ತಿದ್ದ. ದಿನಾ ನೋಡ್ತಿದ್ದವನೇ, ಲಾಲ್‌ಬಾಗಿಗೆ ಹೋಗೋ ಮಾಲಿ. ಹೆಸರು ಗೊತ್ತಿರಲಿಲ್ಲ. ಹಿಂದಿನಿಂದ ಕಾರು ಬಂತು. ಬಿಳೀ ಫಿಯಟ್ಟು. ತಿರುವಲ್ಲಿ ಅಡ್ಡಾದಿಡ್ಡಿ ಬಂದು ಸೈಕಲ್ಲಿಗೆ ಹೊಡೀತು. ಅವನು ಹಾರಿ ಬೇಲಿ ಹತ್ರ ಬಿದ್ದ. ಕಾರು ಸ್ವಲ್ಪ ದೂರ ಹೋಗಿ ನಿಂತ್ಕೊಳ್ತು. ಎಡಗಡೆ ಬಾಗಿಲು ತೆಗೆದು ಪಾಪಯ್ಯ ಇಳಿದ."

"ಎಡಗಡೆ?"

"ಎಡಗಡೆ. ಓಡಿಸ್ತಿದ್ದವರು ಬೇರೆ. ಅವರು ಇಳೀಲಿಲ್ಲ. ನಂಗೆ ಮುಖ ಕಾಣ್ಲಿಲ್ಲ. ಅದನ್ನ ನೀವು ಎಷ್ಟು ಸಲ ಕೇಳಿದ್ರೂ ಅಷ್ಟೇ, ಕಾಣ್ಲಿಲ್ಲ."

"ಪಾಪಯ್ಯ ಇಳಿದು ಏನು ಮಾಡ್ದ?"

"ಬಗ್ಗಿ ನೋಡ್ದ. ಆಸ್ಪತ್ರೆಗೆ ಸಾಗಿಸ್ತಾನೆ ಅಂದ್ಕೊಂಡೆ. ಕಂಕುಳಿಗೆ ಕೈ ಹಾಕಿ ಎಳೆದ. ಕಾರಿನ ಕಡೆಗಲ್ಲ. ಕೆರೆ ಕಡೆಗೆ."

"ಅವನು ಸತ್ತಿದ್ನಾ?"



"ಕೈ ಆಡ್ತಿತ್ತು."

ವಾರಿಜಾ ಎದ್ದು ಒಳಗೆ ಹೋದಳು. ನಲ್ಲಿ ನಿಂತಿತು. ಹೊರಗೆ ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು. ಮುಖಕ್ಕೆ ನೀರು ಹಾಕಿಕೊಂಡಿದ್ದಳು.

"ಕೂಗಲಿಲ್ವಾ ಅಪ್ಪ? ಒಂದು ಸಲ ಕೂಗಿದ್ರೆ ಸಾಕಿತ್ತಲ್ಲ. ಅಕ್ಕಪಕ್ಕದವರು ಓಡಿ ಬರ್ತಿದ್ರು."

"ಗಂಟಲಿಂದ ಹೊರಗೆ ಬರಲೇ ಇಲ್ಲ ಪುಟ್ಟಿ. ಸೈಕಲ್ಲನ್ನೂ ಎತ್ತಿ ನೀರಿಗೆ ಹಾಕಿ ತಿರುಗಿದಾಗ ಪಾಪಯ್ಯ ತಲೆ ಎತ್ತಿದ. ಮಹಡಿ ಮೇಲೆ ನಾನು ನಿಂತಿದ್ದೆ. ಒಬ್ಬರನ್ನೊಬ್ಬರು ನೋಡಿದ್ವಿ."

ಪಾಪಯ್ಯ ಮನೆಗೆ ಬಂದದ್ದು ಅದಾದ ಒಂದು ವಾರಕ್ಕೆ. ಹಣ್ಣಿನ ಬುಟ್ಟಿ ತಂದಿದ್ದ. ಕಾತ್ಯಾಯಿನಿ, ವಾರಿಜಾಳ ತಾಯಿ, ಯಾರೋ ಆಫೀಸಿನ ಕಡೆಯವರೆಂದು ತಿಳಿದು ಉಪ್ಪಿಟ್ಟು ಮಾಡಿ ಕೊಟ್ಟಳು. ಪಾಪಯ್ಯ ಬೆದರಿಸಲಿಲ್ಲ, ಕೆರೆಯ ವಿಷಯ ಎತ್ತಲೂ ಇಲ್ಲ. ಮನೆ ಬಹಳ ಹಿಡಿಸಿದೆ, ಕೊಡ್ತೀರಾ ಅಂದ. ಮಾರೋ ಯೋಚನೆ ಇಲ್ಲ ಅಂತ ಅನಂತರಾಮು ಅಂದ. ಆಗ ಪಾಪಯ್ಯ ಬೆಲೆ ಹೇಳಿದ.

"ಎಂಬತ್ತೈದು ಅಂದಿದ್ರೆ ನಾನು ಸ್ಟೇಷನ್‌ಗೆ ಹೋಗ್ತಿದ್ದೆ," ಎಂದ ಅನಂತರಾಮು. "ಆಣೆ ಮಾಡಿ ಹೇಳ್ತೀನಿ. ಅವನು ಬಂದ ದಿನ ಬೆಳಗ್ಗೆ ಚಪ್ಪಲಿ ಹಾಕ್ಕೊಂಡು ಗೇಟಿನವರೆಗೂ ಹೋಗಿ ವಾಪಸ್ ಬಂದಿದ್ದೆ, ಮಾರನೇ ದಿನ ಖಂಡಿತ ಹೋಗೋಣ ಅಂತ. ಅವನು ಆ ಅಂಕಿ ಹೇಳಿದ ಮೇಲೆ ಹೋಗಲಿಲ್ಲ."

"ಇಷ್ಟು ದಿನ ಹೇಗೆ ನಿದ್ದೆ ಮಾಡಿದ್ರಿ ಅಪ್ಪ?"

"ಮೊದಮೊದಲು ಬರ್ತಿರಲಿಲ್ಲ. ಆಮೇಲೆ ಬಂತು." ತಲೆ ಎತ್ತದೆ ಹೇಳಿದ. "ನಿನ್ನ ಹತ್ರ ಸುಳ್ಳು ಹೇಳೋಕೆ ಇನ್ನು ಮನಸ್ಸಿಲ್ಲ. ಬಂತು."

ಸಂಜೀವಯ್ಯ ಜೇಬಿನಿಂದ ಬೀಡಿ ಕಟ್ಟು ತೆಗೆದವನು, ಯಾರ ಮನೆಯೆಂದು ನೆನೆದು ಮತ್ತೆ ಒಳಗಿಟ್ಟ. ಕೇಳಬೇಕಾದದ್ದು ಒಂದೇ ಉಳಿದಿತ್ತು.

"ಕಾರು ಓಡಿಸ್ತಿದ್ದವರ ಮುಖ ನೋಡಿದವರು ಬೇರೆ ಯಾರಾದ್ರೂ ಇದ್ರಾ ಸಾರ್? ರಸ್ತೇಲಿ?"

"ರಸ್ತೆ ಖಾಲಿ ಇತ್ತು." ಅನಂತರಾಮು ತಡೆದ. "ಅಂದ್ರೆ, ಖಾಲಿ ಇತ್ತು ಅಂತ ನಾನು ಅಂದ್ಕೊಂಡಿದ್ದೆ. ಆಮೇಲೆ ಆ ಹೆಂಗಸು ಬಂದಳಲ್ಲ."

"ಯಾವ ಹೆಂಗಸು?"

"ಸತ್ತವನ ಹೆಂಡತಿ."

ಸಂಜೀವಯ್ಯ ಕುರ್ಚಿಯಿಂದ ಮುಂದಕ್ಕೆ ಬಾಗಿದ. "ಮುನಿಯಕ್ಕ ನಿಮ್ಮ ಮನೆಗೆ ಬಂದಿದ್ರಾ?"

"ಪಾಪಯ್ಯ ಅಡ್ವಾನ್ಸ್ ಕೊಟ್ಟು ಹೋದ ಮೇಲೆ. ಹಿತ್ತಲ ಬಾಗಿಲಿಗೆ ಬಂದಳು, ಸತ್ತವನ ಹೆಂಡತಿ ಅಂತ ಹೇಳಿಕೊಂಡು. ಕಂಕುಳಲ್ಲಿ ಕೂಸಿತ್ತು. ಕಾತ್ಯಾಯಿನಿ ದೇವಸ್ಥಾನಕ್ಕೆ ಹೋಗಿದ್ಲು. 'ಸ್ವಾಮಿ, ಆವತ್ತು ನೀವು ಮಹಡಿ ಮೇಲಿದ್ರಿ, ನಾನು ಪಂಪ್ ಹೌಸ್ ಗೋಡೆ ಹಿಂದಿದ್ದೆ. ನಾನು ನಿಮ್ಮನ್ನ ನೋಡಿದೆ, ನೀವು ನನ್ನ ನೋಡಲಿಲ್ಲ' ಅಂದಳು. ಅಳಲಿಲ್ಲ. ಕೂಸಿಗೆ ದಾರಿ ಮಾಡಿ ಅಂದಳು. ಅಡ್ವಾನ್ಸ್ ಅಷ್ಟನ್ನೂ ತೆಗೆದು ಕೊಟ್ಟುಬಿಟ್ಟೆ. ಅವಳಿಗೇ ಸೇರಬೇಕಾದ್ದು ಅನ್ನಿಸ್ತು. ಅದೊಂದು ಸಮಾಧಾನ ಇತ್ತು ನಂಗೆ, ಇಷ್ಟು ವರ್ಷ. ಹೆಂಡತಿ ಕೈಗೆ ಕೊಟ್ಟಿದೀನಿ ಅಂತ."

"ಹೇಗಿದ್ರು ನೋಡೋಕೆ?"

"ತೆಳ್ಳಗೆ, ಕಪ್ಪಗೆ. ಇಪ್ಪತ್ತು ಇಪ್ಪತ್ತೆರಡು ಇರಬಹುದು."

ಮುನಿಯಕ್ಕನಿಗೆ ಈಗ ಐವತ್ತರ ಹತ್ತಿರ. ಅವಳಿಗೆ ಮಕ್ಕಳಾಗಿರಲಿಲ್ಲ. ಆಫೀಸಿಗೆ ಬಂದ ಮೊದಲ ದಿನವೇ ಹೇಳಿದ್ದಳು, ನಂಗೆ ಹಿಂದೆ ಮುಂದೆ ಯಾರೂ ಇಲ್ಲ ಸಂಜೀವಣ್ಣ ಎಂದು.

"ಅವರು ಯಲ್ಲಯ್ಯನ ಹೆಂಡತಿ ಅಲ್ಲ ಸಾರ್," ಎಂದ.

ಅನಂತರಾಮುವಿನ ಬಾಯಿ ತೆರೆದದ್ದು ಹಾಗೇ ಇತ್ತು. ಎಂಟು ವರ್ಷ ಹಿಡಿದುಕೊಂಡಿದ್ದ ಒಂದೇ ಒಂದು ಸಮಾಧಾನವೂ ಕೈಯಿಂದ ಜಾರಿದವನ ಮುಖ ಅದು.

"ಮತ್ತೆ ಅವಳು ಯಾರು?"

"ಅದೇ ಈಗ ಬೇಕಾಗಿರೋದು. ಕತ್ತಲು ಹರಿಯೋ ಮುಂಚೆ, ಕೂಸು ಎತ್ತಿಕೊಂಡು, ಅವನು ಬರೋ ದಾರೀಲಿ ಕಾಯ್ತಿದ್ದವಳು. ಕಾರಿನವರ ಮುಖ ನೋಡಿದ್ರೆ ಅವಳೇ ನೋಡಿರಬೇಕು. ಹೆಸರು ಹೇಳಿದ್ಲಾ?"

"ಹೇಳಿದ್ಲು. ದುಡ್ಡು ಕೊಡುವಾಗ ನಾನೇ ಕೇಳಿದೆ, ಆಫೀಸಿನ ಅಭ್ಯಾಸ ನೋಡಿ. ಸೊಣ್ಣಮ್ಮ ಅಂದಳು."

ಸಂಜೀವಯ್ಯ ಎದ್ದ. "ಈಗ ನಂಗೆ ಹೇಳಿದ್ದನ್ನ ಪೊಲೀಸಿನವರ ಮುಂದೆ ಹೇಳ್ತೀರಾ ಸಾರ್?"

ಅನಂತರಾಮು ಮಗಳ ಕಡೆ ನೋಡಿದ. ವಾರಿಜಾ ಅಪ್ಪನ ಕಡೆ ನೋಡಲಿಲ್ಲ.

"ಹೇಳ್ತಾರೆ," ಎಂದಳು. "ನೀವು ಯಾವತ್ತು ಅಂತೀರೋ ಆವತ್ತು ನಾನೇ ಕರ್ಕೊಂಡು ಬರ್ತೀನಿ ಸಾರ್. ಆಟೋದಲ್ಲಿ."

ಗೇಟಿನವರೆಗೂ ಅವಳೇ ಬಂದಳು. ಸಂಜೀವಯ್ಯ ಸ್ಕೂಟರಿಗೆ ಕಿಕ್ ಹೊಡೆಯುವಾಗ ಕೇಳಿದಳು: "ಈ ಮನೆ ಆ ದುಡ್ಡಿಂದಲೇ ತಗೊಂಡಿದ್ದು ಅಲ್ವಾ ಸಾರ್?"

ಗೊತ್ತಿಲ್ಲ ಅನ್ನಬಹುದಿತ್ತು.

"ಹೌದು ಮೇಡಂ, ಇರಬೇಕು," ಎಂದ.

ಮರುದಿನ ಬೆಳಗ್ಗೆ ಸಂಜೀವಯ್ಯ ಯಡಿಯೂರಿನ ಹಳೇ ಊರ ಬೀದಿಗೆ ಹೋದ. ಅವನು ಹುಟ್ಟಿದ್ದೂ ಅದೇ ಬೀದಿಯಲ್ಲಿ. ಮುನಿಯಕ್ಕ ಜಗಲಿಯ ಮೇಲೆ ಗೋಣಿ ಹಾಸಿಕೊಂಡು ದಂಟಿನ ಸೊಪ್ಪು, ಸಬ್ಬಸಿಗೆ ಬೇರೆ ಬೇರೆ ಕಟ್ಟುತ್ತಿದ್ದಳು. ಅವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಏನಾದ್ರೂ ಗೊತ್ತಾಯ್ತಾ ಸಂಜೀವಣ್ಣ?"

"ಗೊತ್ತಾಯ್ತು ಅಕ್ಕ. ನೀನು ಹೇಳಿದ್ದು ಸರಿ. ಕಾರೇ ಹೊಡೆದಿದ್ದು. ಕಣ್ಣಾರೆ ನೋಡಿದವರು ಸಿಕ್ಕಿದಾರೆ."

ಪಾಪಯ್ಯನ ಹೆಸರು ಹೇಳಲಿಲ್ಲ. ಹೇಳಿದರೆ ಮುನಿಯಕ್ಕ ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲುವವಳು. ಉಳಿದದ್ದನ್ನು ಹೇಳಿದ. ಅವಳು ಕೈ ನಿಲ್ಲಿಸದೆ ಕೇಳಿದಳು. ಕೆರೆ ಕಡೆ ಎಳೆದರು ಎಂಬಲ್ಲಿ ಮಾತ್ರ ಬಾಳೆನಾರು ಕೈಯಲ್ಲೇ ಉಳಿಯಿತು.

"ಆಗ ಜೀವ ಇತ್ತಾ?"

ಸಂಜೀವಯ್ಯ ಇದನ್ನು ಮುಚ್ಚಿಡಬೇಕೆಂದೇ ಬಂದಿದ್ದ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ. "ಇತ್ತು ಅಕ್ಕ."

ಮುನಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೀದಿಯಲ್ಲಿ ಯಾರೋ ಸೊಪ್ಪು ಎಷ್ಟಮ್ಮ ಅಂತ ಕೇಳಿದರು. ಇವತ್ತು ಮಾರಲ್ಲ ಹೋಗಿ ಅಂದಳು.

"ಇನ್ನೊಂದು ವಿಷಯ," ಎಂದ ಸಂಜೀವಯ್ಯ. "ಆವತ್ತು ಅಲ್ಲೊಬ್ಬ ಹೆಂಗಸಿದ್ಲಂತೆ. ಪಂಪ್ ಹೌಸ್ ಹಿಂದೆ. ಆಮೇಲೆ ಯಲ್ಲಯ್ಯನ ಹೆಂಡತಿ ಅಂತ ಹೇಳಿಕೊಂಡು ಆ ಮನೆಗೆ ಹೋಗಿ ದುಡ್ಡು ಇಸ್ಕೊಂಡಿದಾಳೆ. ಸೊಣ್ಣಮ್ಮ ಅಂತ ಹೆಸರು. ನಿಂಗೆ ಗೊತ್ತಾ?"

ಮುನಿಯಕ್ಕ ಕಟ್ಟಿದ್ದ ಒಂದು ಸೊಪ್ಪಿನ ಸಿವುಡು ಬಿಚ್ಚಿ, ಮತ್ತೆ ಕಟ್ಟಿದಳು.

"ನನ್ನ ತಂಗಿ," ಎಂದಳು.

"ಒಡಹುಟ್ಟಿದವಳಾ?"

"ನಮ್ಮವ್ವನಿಗೆ ಕೊನೇಲಿ ಹುಟ್ಟಿದ್ದು. ನಾನೇ ಎತ್ತಿ ಆಡ್ಸಿದ್ದು. ಗಂಡ ಬಿಟ್ಟ ಅಂತ ನಮ್ಮ ಮನೆಗೇ ಬಂದು ಸೇರಿಕೊಂಡಿದ್ಲು. ಎಪ್ಪತ್ತೇಳರಲ್ಲಿ ಒಂದಿನ ಹೇಳದೇ ಕೇಳದೇ ಹೊರಟುಹೋದ್ಲು. ಯಲ್ಲಯ್ಯನೇ ಸೈಕಲ್ ಹತ್ತಿ ಊರೆಲ್ಲ ಹುಡುಕಿ ಬಂದ. ಎಲ್ಲೂ ಸಿಗಲಿಲ್ಲ ಕಣೇ ಅಂದ. ನಾನು ನಂಬಿದೆ."

"ಕಂಕುಳಲ್ಲಿ ಕೂಸಿತ್ತಂತೆ ಅಕ್ಕ."

"ಗಂಡಾ ಹೆಣ್ಣಾ ಅಂತ ಕೇಳಿದ್ರಾ?"

"ಇಲ್ಲ. ಕೇಳಲಿಲ್ಲ."

ಮುನಿಯಕ್ಕ ತಲೆಯಾಡಿಸಿದಳು. ಸೊಪ್ಪನ್ನೆಲ್ಲ ಬುಟ್ಟಿಗೆ ತುಂಬಿ, ಒದ್ದೆ ಗೋಣಿ ಮುಚ್ಚಿ, ಎದ್ದು ಬಾಗಿಲಿಗೆ ಬೀಗ ಹಾಕಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡು ಬೀದಿಗೆ ಇಳಿದಳು.

"ಎಲ್ಲಿಗೆ ಹೊರಟೆ?"

"ಅವಳ ಹತ್ರ. ಮಾರ್ಕೆಟ್ಟಿಗೆ ಸೊಪ್ಪು ತರೋ ಕನಕಪುರ ರಸ್ತೆಯವರು ಹೋದ ವರ್ಷವೇ ಹೇಳಿದ್ರು, ನಿನ್ನ ತಂಗಿ ಥರಾನೇ ಒಬ್ಬಳಿದಾಳೆ ನೋಡು ಅಂತ. ಯಾಕೋ ಮನಸ್ಸು ಬರದೆ ಹೋಗಿರಲಿಲ್ಲ. ಈಗ ಹೋಗ್ತೀನಿ. ನೀವು ಸ್ಕೂಟರಲ್ಲಿ ಬಿಟ್ರೆ ಬಿಡಿ, ಇಲ್ಲಾಂದ್ರೆ ಬಸ್ಸಿದೆ."

"ಎಲ್ಲಿದಾಳೆ ಅಕ್ಕ?"

"ವಸಂತಪುರದಲ್ಲಿ. ಯಾರೋ ಕಂಟ್ರಾಕ್ಟರ್ ತೋಟದ ಮನೆ ಅಂತೆ, ಅವನೇ ಇಟ್ಕೊಂಡು ಸಾಕ್ತಿದಾನಂತೆ. ಪಾಪಯ್ಯ ಅಂತ ಹೆಸರು. ನಿಮಗೇನಾದ್ರೂ ಗೊತ್ತಾ ಅವನು?"